ಇನ್ನೊಬ್ಬರ ಪಾಲು

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವುದು ಇಬ್ಬರ ಕೆಲಸ. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು ಎಳೆದು ಕೊಡವಬೇಕು, ಮಡಿಸಬೇಕು, ಎದುರುಬದುರು ನಡೆದುಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಒಳಗೆ ದೊಡ್ಡ ಮೆಷಿನ್ನುಗಳು ತಿರುಗುವ ಗದ್ದಲದಲ್ಲಿ ದೂರ ನಿಂತು ಆಡಿದ ಮಾತು ಕಿವಿಗೆ ಬೀಳುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ಮಾತಾಡುವುದೆಲ್ಲ ಮೂಲೆಗಳು ಸೇರುವ ಆ ಒಂದು ಗಳಿಗೆಯಲ್ಲಿ. ಚಾದರಕ್ಕೊಂದು ಮಾತು. ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಕೊಳ್ಳಬೇಕಾದರೆ ಇಡೀ ವಾರ್ಡಿನ ಚಾದರಗಳೇ ಬೇಕು.

ಈಗ ನಮ್ಮ ಪಕ್ಕದ ಕೋಣೆಯಲ್ಲಿರುವಾಕೆ ತನ್ನ ಕಷ್ಟ ಹೇಳಿಕೊಂಡದ್ದೂ ಹಾಗೆಯೇ, ತನಗೆ ಜೋಡಿಯಾಗಿ ನಿಲ್ಲುತ್ತಿದ್ದ ಹಿರಿಯಳ ಹತ್ತಿರ. ಆ ಹಿರಿಯಳನ್ನು ಲಾಂಡ್ರಿಯಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಗಂಡ ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿಕೊಂಡ ಮೇಲೆ ಈ ಪಕ್ಕದ ಕೋಣೆಯಾಕೆಗೆ ಉಳಿದದ್ದು ಶಾಲೆಗೆ ಹೋಗುವ ಮಗಳು, ಲಾಂಡ್ರಿಯ ಸಂಬಳ, ಒಂದು ಹಳೇ ಕಟ್ಟಡದ ಹಿಂಬದಿಯ ಕೋಣೆ. ಆ ಕೋಣೆಯ ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬಿಸಿಲು ಬರುತ್ತಿರಲಿಲ್ಲ. ಗೋಡೆಯೊಳಗೆ ಎಲ್ಲೋ ನೀರಿನ ಕೊಳವೆ ಒಸರುತ್ತಿತ್ತು, ಬಳಿದ ಸುಣ್ಣ ನಿಲ್ಲುತ್ತಿರಲಿಲ್ಲ. ಮಗಳಿಗೆ ಉಬ್ಬಸ. ಉಸಿರಾಡಿದರೆ ಎದೆಯಲ್ಲಿ ಸಣ್ಣಗೆ ಸಿಳ್ಳು ಹೊಡೆದಂತೆ ಸದ್ದು. ಅದಕ್ಕೇ ಅವಳನ್ನು ಎಲ್ಲರೂ ಪೀಪಿ ಎಂದು ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಹೊಸಬರು ಬಂದರೆ ತಾನೇ ಎದೆಯುಬ್ಬಿಸಿ ಊದಿ ತೋರಿಸುತ್ತಿದ್ದಳು.

ಆಕೆಗೆ ಬೇಕಾಗಿದ್ದದ್ದು ಒಂದೇ, ಬಿಸಿಲು ಬೀಳುವ ಕೋಣೆ. ಅಂಥ ಕೋಣೆಗೆ ಮುಂಗಡ ಕೊಡಬೇಕು. ಸಂಬಳ ಬಂದ ದಿನ ದುಡ್ಡು ಇದೆ ಅನ್ನಿಸುತ್ತಿತ್ತು, ತಿಂಗಳ ನಡುವಿಗೆ ಇರುತ್ತಿರಲಿಲ್ಲ. ಎಲ್ಲಿಗೆ ಹೋಯಿತು ಎಂದು ಕೂತು ಯೋಚಿಸಿದರೆ ದೊಡ್ಡ ಉತ್ತರವೇನೂ ಸಿಗುತ್ತಿರಲಿಲ್ಲ: ಚಪ್ಪಲಿಯ ಉಂಗುಟ, ಶಾಲೆಯವರು ಕೇಳಿದ ಬಣ್ಣದ ಕಾಗದ, ಮಗಳು ಉಸಿರಿಗೆ ಎಳೆದುಕೊಳ್ಳುವ ಔಷಧಿಯ ಪಂಪು, ಸುಸ್ತಾದ ಸಂಜೆ ನಡೆಯಲಾರದೆ ಹತ್ತಿದ ಬಸ್ಸು.

"ನಿನ್ನ ಗಂಡ ಮನೇಲಿದ್ದಾಗ ಈ ಸಂಬಳದಲ್ಲೇ ಅವನೂ ಉಣ್ತಿದ್ನಲ್ಲ?" ಎಂದಳು ದೊಡ್ಡಕ್ಕ, ಒಂದು ಚಾದರಕ್ಕೆ.

"ಉಣ್ತಿದ್ದ. ಮೇಲೆ ಅವನ ಕೈಸಾಲ ಬೇರೆ." ಇದು ಮುಂದಿನ ಚಾದರಕ್ಕೆ.

"ಈಗ್ಲೂ ಉಣ್ತಿದಾನೆ ಅನ್ಕೊಂಡು ಅವನ ಪಾಲು ತೆಗೆದಿಡು. ನಮ್ಮನೆಯೋನು ಸತ್ತ ಮೇಲೂ ದಿನಾ ಅವನ ಸಿಗರೇಟಿನ ದುಡ್ಡು ತೆಗೆದಿಡ್ತಿದ್ದೆ ನಾನು. ಬದುಕಿದ್ದಾಗ ಹೊಗೆ ಆಗ್ತಿತ್ತು, ಸತ್ತ ಮೇಲೆ ಹೊಲಿಗೆ ಮೆಷಿನ್ ಆಯ್ತು. ಸಂಸಾರಕ್ಕೆ ಅವನಿಂದಾದ ಉಪಕಾರ ಅದೊಂದೇ ನೋಡು."

ಆಕೆಗೆ ನಗು ಬಂತು. ಆದರೂ ಬಿಟ್ಟುಹೋದವನಿಗೆಂದು ಒಂದು ಕಾಸು ಎತ್ತಿಡಲೂ ಮನಸ್ಸು ಒಪ್ಪಲಿಲ್ಲ. "ಅವನಿಗೆ ಇಡಲ್ಲ ದೊಡ್ಡಕ್ಕ. ಸುಳ್ಳಿಗೂ ಇಡಲ್ಲ."

"ಹಾಗಾದ್ರೆ ಇನ್ಯಾರೋ ಒಬ್ಬರು ಇದಾರೆ ಅನ್ಕೊಳೇ. ಹೆಸರು ಯಾಕೆ ಬೇಕು? ಮನೇಲಿ ಮೂರು ಜನ ಅಂತ ಲೆಕ್ಕ ಹಾಕು, ಇಬ್ಬರಿಗೆ ಬಡಿಸು."

ಆಕೆ ಹಾಗೆಯೇ ಮಾಡಿದಳು. ಹಣ್ಣು ಕೊಳ್ಳಲು ಹೋದರೆ ಮೂರರ ಬೆಲೆ ಕೇಳಿ ಎರಡು ತರುವಳು, ಮೂರನೆಯದರ ದುಡ್ಡು ಮನೆಗೆ ಬರುತ್ತಲೇ ಡಬ್ಬಿಗೆ. ಹಾಲು, ಸೋಪು, ಅಕ್ಕಿ ಎಲ್ಲದಕ್ಕೂ ಅದೇ ಲೆಕ್ಕ. ಆಮೇಲೆ ದೊಡ್ಡಕ್ಕ ಇನ್ನೊಂದು ಮಾತು ಹೇಳಿಕೊಟ್ಟಳು: ಉಳಿದರೆ ಇಡುತ್ತೇನೆ ಅಂದರೆ ಯಾವತ್ತೂ ಉಳಿಯೋದಿಲ್ಲ, ಬಂದವರಿಗೆ ಮೊದಲು ಬಡಿಸೋ ಹಾಗೆ ಅವರ ಪಾಲನ್ನ ಮೊದಲು ತೆಗಿ. ಅಂದಿನಿಂದ ಸಂಬಳ ಬಂದ ದಿನವೇ ಒಂದು ಪಾಲು ಹಳೇ ಬಿಸ್ಕತ್ತಿನ ಡಬ್ಬಿಗೆ ಹೋಗತೊಡಗಿತು. ಕೈ ಕಟ್ಟಿದಂತಾದರೆ ತಾಯಿ ಮಗಳಿಬ್ಬರೂ ತಮ್ಮದನ್ನು ಕಡಿಮೆ ಮಾಡಿಕೊಂಡರೇ ಹೊರತು ಆ ಪಾಲನ್ನು ಮುಟ್ಟಲಿಲ್ಲ. ಬ್ಯಾಂಕು ತೆರೆದಿರುವ ಹೊತ್ತಿಗೆ ಆಕೆ ಲಾಂಡ್ರಿಯಲ್ಲಿ, ಆಕೆಗೆ ರಜೆ ಸಿಕ್ಕ ದಿನ ಬ್ಯಾಂಕಿಗೂ ರಜೆ. ಡಬ್ಬಿ ಕಿಟಕಿಯ ಪಕ್ಕದ ಗೂಡಿನಲ್ಲೇ ಉಳಿಯಿತು.

"ಅದು ಯಾರಿಗಮ್ಮ?" ಎಂದು ಪೀಪಿ ಕೇಳಿದಳು.

"ಇನ್ನೊಬ್ಬರಿಗೆ."

ಮಕ್ಕಳಿಗೆ ಅಷ್ಟು ಸಾಕು. ಯಾರು, ಎಲ್ಲಿದ್ದಾರೆ ಎಂದು ಅವಳು ಮುಂದೆ ಕೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಮಲಗುವಾಗ ಗೋಡೆಯ ಕಡೆಗೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟು ಅಮ್ಮನ ಹತ್ತಿರಕ್ಕೆ ಸರಿಯತೊಡಗಿದಳು. ತಾಯಿ ಅವಳ ಮೇಲಿಂದ ಅತ್ತ ಕೈ ಚಾಚಿದರೆ, "ಅಮ್ಮ, ಅವರಿಗೆ ತಾಗುತ್ತೆ" ಎನ್ನುವಳು. ತಾಯಿ ನಕ್ಕು ಕೈ ಹಿಂತೆಗೆಯುವಳು. ಆ ನಗು ಬಹಳ ದಿನ ಉಳಿಯಲಿಲ್ಲ.

ಮೊದಲು ಕಂಡದ್ದು ಲೋಟ. ಬೆಳಗ್ಗೆ ಇಬ್ಬರೂ ಹೊರಡುವಾಗ ಮನೆಯಲ್ಲಿದ್ದ ಮೂರೂ ಲೋಟಗಳನ್ನು ತೊಳೆದು ಬೋರಲು ಹಾಕಿ ಹೋಗುತ್ತಿದ್ದಳು. ಸಂಜೆ ಬಂದರೆ ಎರಡು ಒಣಗಿರುತ್ತಿದ್ದವು, ಒಂದರ ಅಂಚು ತೇವ. ಗೋಡೆಯೇ ಒಸರುವ ಕೋಣೆಯಲ್ಲಿ ಲೋಟ ಒದ್ದೆಯಾದರೆ ಅದೇನು ಆಶ್ಚರ್ಯ ಎಂದುಕೊಂಡಳು. ಆಮೇಲೆ ಕಂಡದ್ದು ಗೋಡೆ. ಕಿಟಕಿಯ ಪಕ್ಕದ ಆ ಗೋಡೆಗೆ ಬೂಷ್ಟು ಹಿಡಿದು ಬೂದಿಬಣ್ಣಕ್ಕೆ ತಿರುಗಿತ್ತು. ಮೇಲೆ, ಕೆಳಗೆ, ಮೂಲೆಯಲ್ಲಿ ಎಲ್ಲ ಕಡೆ ಹಬ್ಬಿತ್ತು. ನಡುವೆ ಒಂದು ಕಡೆ ಮಾತ್ರ ಹಬ್ಬಿರಲಿಲ್ಲ. ನೆಲದಿಂದ ಶುರುವಾಗಿ, ಕುಳಿತವರ ಭುಜದ ಎತ್ತರದವರೆಗೆ, ಒಂದು ಬೆನ್ನಿನ ಅಗಲಕ್ಕೆ ಗೋಡೆ ಬೆಳ್ಳಗೆ ಉಳಿದಿತ್ತು. ಅದರ ಮೇಲೆ ತಲೆ ತಾಗುವಷ್ಟು ಜಾಗ, ಅದೂ ಬೆಳ್ಳಗೆ. ದಿನವೂ ಯಾರೋ ಅಲ್ಲಿ ಒರಗಿ ಕುಳಿತಿದ್ದು ಬೂಷ್ಟಿಗೆ ಜಾಗ ಸಿಗದಂತೆ.

ಆಕೆ ಅದನ್ನು ಬಟ್ಟೆಯಿಂದ ಒರೆಸಿ ನೋಡಿದಳು. ಸುತ್ತಲಿನ ಗೋಡೆ ತಣ್ಣಗಿತ್ತು. ಆ ಜಾಗ ಅಷ್ಟು ತಣ್ಣಗಿರಲಿಲ್ಲ. ಆಕೆ ಬಟ್ಟೆ ಮಡಿಸಿಟ್ಟು ಅನ್ನಕ್ಕೆ ನೀರಿಟ್ಟಳು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಒಂಟಿ ಹೆಂಗಸಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ.

ಹೇಳದಿದ್ದರೂ ಓನರಮ್ಮನ ಕಣ್ಣಿಗೆ ಬಿತ್ತು. ಆ ಕಟ್ಟಡದಲ್ಲಿ ನೀರಿಗೆ ತಲೆಗೆ ಇಷ್ಟು ಎಂದು ದುಡ್ಡು. ಅದನ್ನು ವಸೂಲಿ ಮಾಡಲು ಬಂದ ಓನರಮ್ಮ ಬಾಗಿಲಲ್ಲೇ ನಿಂತು ಕೋಣೆಯೊಳಗೆ ಕಣ್ಣಾಡಿಸಿದಳು.

"ಮೂರು ಜನ ಇದ್ದೀರಿ, ಇಬ್ಬರ ದುಡ್ಡು ಕೊಡ್ತಿದ್ದೀರಲ್ಲ?"

"ಇಲ್ಲಮ್ಮ, ನಾನು, ಮಗಳು. ಇನ್ಯಾರಿದಾರೆ?"

"ನನ್ನ ಹತ್ರ ಯಾಕಮ್ಮ ಮುಚ್ಚಿಡ್ತೀರಿ? ಇರಲಿ ಬಿಡಿ, ವಯಸ್ಸಾದ ಅಮ್ಮನೋ ಅತ್ತೆಯೋ ಇರಬೇಕು. ಗೋಡೆ ನೋಡಿದ್ರೆ ಗೊತ್ತಾಗಲ್ವಾ, ಹೊತ್ತಿಡೀ ಒರಗಿ ಕೂತಿರ್ತಾರೆ. ಕೆಳಗಿನ ಟೈಲರೂ ಹೇಳ್ದ, ನೀವಿಬ್ಬರೂ ಹೊರಟ ಮೇಲೆ ಮಧ್ಯಾಹ್ನ ಯಾರೋ ಕೆಮ್ತಾರಂತೆ. ಇದ್ದವರನ್ನ ಇಲ್ಲ ಅಂದ್ರೆ ಅವರ ಮನಸ್ಸಿಗೆ ಎಷ್ಟು ನೋವಾಗುತ್ತೆ ಹೇಳಿ!"

ಓನರಮ್ಮ ದುಡ್ಡಿನ ವಿಷಯದಲ್ಲಿ ಗಟ್ಟಿ, ಆದರೆ ಆ ಕೊನೆಯ ಮಾತನ್ನು ಮನಸಾರೆ ಹೇಳಿದಳು. ಪೀಪಿಯ ತಾಯಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗಿ ಡಬ್ಬಿ ತೆರೆದು, ಮೂರನೆಯ ತಲೆಯ ನೀರಿನ ದುಡ್ಡನ್ನು ಅದರಿಂದಲೇ ಎಣಿಸಿ ಕೊಟ್ಟಳು. ಅವರ ನೀರಿಗೆ ಅವರ ದುಡ್ಡು. ಅದು ಸರಿಯೇ ಅನ್ನಿಸಿತ್ತು ಆಕೆಗೆ. ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ತಾನೇನು ಮಾಡಿದೆ ಎಂದು ತಿಳಿಯಿತು. ಅಷ್ಟು ದಿನ ಆ ಕೋಣೆಯಲ್ಲಿ ಒಬ್ಬರು ಇದ್ದಾರೆ ಎನ್ನುವುದು ತಾನು ಕಟ್ಟಿಕೊಂಡ ಲೆಕ್ಕವಾಗಿತ್ತು. ಇವತ್ತು ಅವರು ಬಾಡಿಗೆಯವರಾದರು.

ಆಕೆ ಇದನ್ನೆಲ್ಲ ನನಗೆ ಹೇಳಿದ್ದು ಒಂದೇ ಸಲಕ್ಕಲ್ಲ. ಇಲ್ಲಿ ಮೇಲ್ಮಹಡಿಯಲ್ಲಿ ಬಟ್ಟೆ ಹರವುವಾಗ ಬಿಡಿಬಿಡಿಯಾಗಿ ಹೇಳಿದಳು. ನಡುವೆ ನಾನು ಬಾಯಿ ಹಾಕಲಿಲ್ಲ. ಕಣ್ಣಿಗೆ ಕಾಣದ್ದನ್ನು ನಂಬಿ ದಿನವೂ ಎರಡು ಹೊತ್ತು ಕೈಮುಗಿಯುವವಳು ನಾನು. ಕಾಣದವರೊಬ್ಬರು ಆಕೆಯ ಕೋಣೆಯಲ್ಲಿ ಇರಲಾರರು ಎಂದು ಯಾವ ಬಾಯಲ್ಲಿ ಹೇಳಲಿ?

ಚಳಿ ಹತ್ತಿರವಾಗುತ್ತಿದ್ದ ಒಂದು ಮಧ್ಯಾಹ್ನ ಶಾಲೆಯಿಂದ ಲಾಂಡ್ರಿಗೆ ಫೋನು ಬಂತು. ಪೀಪಿಗೆ ಉಸಿರು ಕಟ್ಟಿತ್ತು. ಆಕೆ ಓಡಿಹೋದಾಗ ಮಗುವಿನ ತುಟಿ ನೀಲಿ. ಆಸ್ಪತ್ರೆಯಲ್ಲಿ ಮೂಗುಬಾಯಿಗೆ ಮಾಸ್ಕ್ ಹಾಕಿ ಔಷಧಿಯ ಹೊಗೆ ಕೊಟ್ಟರು. ಸಂಜೆಯ ಹೊತ್ತಿಗೆ ಬಣ್ಣ ತಿರುಗಿತು. ಡಾಕ್ಟರಮ್ಮ ಮನೆಯ ವಿಷಯ ಕೇಳಿ ತಿಳಿದುಕೊಂಡು, "ಔಷಧಿ ನಾನು ಕೊಡಬಹುದು. ಆ ಗೋಡೆಯ ಪಕ್ಕದಲ್ಲೇ ಮಲಗಿಸಿದ್ರೆ ಮತ್ತೆ ಇಲ್ಲಿಗೇ ಕರ್ಕೊಂಡು ಬರ್ತೀರಿ. ಪ್ರತಿ ಸಲವೂ ಸರಿಯಾದ ಹೊತ್ತಿಗೆ ಬರ್ತೀರಿ ಅಂತ ಹೇಳೋಕಾಗಲ್ಲ. ಚಳಿ ಜೋರಾಗೋ ಮೊದಲು ಮನೆ ಬಿಡಿ" ಎಂದರು.

ಔಷಧಿಗೆ ದುಡ್ಡು ಕಟ್ಟಬೇಕಾಗಿತ್ತು. ಆಕೆ ಲಾಂಡ್ರಿಯ ಸೂಪರ್‌ವೈಸರ್ ಹತ್ತಿರ ಬಡ್ಡಿಗೆ ಕೈಸಾಲ ತೆಗೆದುಕೊಂಡು ಕಟ್ಟಿದಳು.

ಮಾರನೆಯ ದಿನ ಚಾದರ ಹಿಡಿದು ನಿಂತಾಗ ದೊಡ್ಡಕ್ಕನಿಗೆ ಇದು ತಿಳಿಯಿತು.

"ಡಬ್ಬಿ ತುಂಬ ದುಡ್ಡಿದೆ ಅಂದಿದ್ದೆ?"

"ಇದೆ."

ಚಾದರ ದೂರ ಸರಿಯಿತು, ಮತ್ತೆ ಹತ್ತಿರ ಬಂತು.

"ಮನೇಲಿ ದುಡ್ಡಿಟ್ಕೊಂಡು ಆ ಜಿಗಣೆ ಹತ್ರ ಬಡ್ಡಿಗೆ ತಗೊಂಡ್ಯಾ? ತಲೆ ನೆಟ್ಟಗಿದೆಯೇನೇ ನಿಂಗೆ?"

"ಅದು ನನ್ನದಲ್ವಲ್ಲ ದೊಡ್ಡಕ್ಕ."

ದೊಡ್ಡಕ್ಕ ತನ್ನ ಕಡೆಯ ಎರಡೂ ಮೂಲೆಗಳನ್ನು ಕೈಬಿಟ್ಟಳು. ಒಗೆದ ಚಾದರ ನೆಲಕ್ಕೆ ಬಿತ್ತು. ಆ ಲಾಂಡ್ರಿಯಲ್ಲಿ ಅಷ್ಟು ವರ್ಷ ದುಡಿದವಳು ಒಂದು ಚಾದರ ಬೀಳಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಯಾರದು ಮತ್ತೆ?" ಎಂದಳು, ಮೆಷಿನ್ನಿನ ಗದ್ದಲ ಮೀರಿ ಕೂಗಿ. ಎಲ್ಲರೂ ತಿರುಗಿ ನೋಡಿದರು.

ಆಕೆ ಬಗ್ಗಿ ಬಿದ್ದ ಚಾದರ ಎತ್ತಿಕೊಂಡಳು. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ ಡಬ್ಬಿಯ ನೆನಪೇ ಬಂದಿರಲಿಲ್ಲ. ಇಟ್ಟುಕೊಂಡು ಕೊಡಲಿಲ್ಲ ಅಂತಲ್ಲ, ಬೇರೆಯವರ ಜೇಬಿನ ದುಡ್ಡು ನೆನಪಿಗೆ ಬಾರದ ಹಾಗೆ ಬರಲಿಲ್ಲ. ಆಸೆಯಾದಾಗಲೆಲ್ಲ 'ಅದು ಇನ್ನೊಬ್ಬರದು, ಮುಟ್ಟಬಾರದು' ಎಂದು ಕೈಗೆ ಹೇಳಿ ಹೇಳಿ ಕೈ ಆ ಪಾಠವನ್ನು ಕಲಿತುಬಿಟ್ಟಿತ್ತು. ಮಗಳ ತುಟಿ ನೀಲಿಯಾದಾಗಲೂ ಅದು ಮರೆಯಲಿಲ್ಲ.

ದೊಡ್ಡಕ್ಕ ಸುಮ್ಮನೆ ಕೂರಲಿಲ್ಲ. ತನ್ನ ಅಳಿಯನ ಗೆಳೆಯನಿಗೆ ಹೇಳಿ ಒಂದು ಕೋಣೆ ಹುಡುಕಿಸಿದಳು. ಮೇಲ್ಮಹಡಿ, ಪೂರ್ವಕ್ಕೂ ದಕ್ಷಿಣಕ್ಕೂ ಕಿಟಕಿ, ಬಾಗಿಲ ಮುಂದೆಯೇ ಬಿಸಿಲು. ಅದೇ ಈಗ ನಮ್ಮ ಪಕ್ಕದ ಕೋಣೆ. ಅದನ್ನು ಕೇಳಿಕೊಂಡು ಬೇರೊಬ್ಬರೂ ಬಂದಿದ್ದರು. ಭಾನುವಾರ ಕತ್ತಲಾಗುವುದರೊಳಗೆ ಮುಂಗಡ ತಂದರೆ ನಿಮಗೆ, ಇಲ್ಲದಿದ್ದರೆ ಅವರಿಗೆ ಎಂದು ಮನೆಯ ಮಾಲೀಕರು ಕಡ್ಡಿ ಮುರಿದಂತೆ ಹೇಳಿದರು. ಡಬ್ಬಿಯಲ್ಲಿ ಮುಂಗಡಕ್ಕೆ ಆಗುವಷ್ಟಿತ್ತು.

ಶನಿವಾರ ಸಂಜೆ ಆಕೆ ಡಬ್ಬಿಯನ್ನು ಗೂಡಿನಿಂದ ಇಳಿಸಿದಳು. ಪೀಪಿ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿದಳು.

"ಅವರನ್ನ ಕೇಳಿದ್ಯಾ?"

"ಏನು ಕೇಳೋದೇ? ನಾನೇ ದುಡಿದದ್ದು ಅದು."

"ಅವರಿಗೆ ಅಂತ ಕೊಟ್ಟೆ ಅಲ್ವಾ. ಕೊಟ್ಟ ಮೇಲೆ ಅವರದು. ನೀನೇ ಹೇಳಿದ್ದು, ಕೇಳದೆ ತಗೊಂಡ್ರೆ ಕಳ್ಳತನ ಅಂತ." ಒಂದೊಂದು ಮಾತಿಗೂ ಅವಳು ಉಸಿರು ಎಳೆದುಕೊಳ್ಳುತ್ತಿದ್ದಳು.

"ಹಾಗಾದ್ರೆ ನೀನೇ ಕೇಳು. ನಿನ್ನ ಪಕ್ಕಾನೇ ಮಲಗ್ತಾರಲ್ಲ."

"ನಾನು ಕೇಳಲ್ಲಪ್ಪ. ನಂಗೆ ಅವರು ಏನೂ ಕೊಡಬೇಕಾಗಿಲ್ಲ. ನಿಂಗೆ ಬೇಕು, ನೀನು ಕೇಳು." ಹೀಗೆಂದು ಪೀಪಿ ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ತಮಾಷೆ ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ.

ಆಕೆ ಮುಚ್ಚಳಕ್ಕೆ ಕೈ ಹಾಕಿದಳು. ಬೆರಳುಗಳು ಮುಚ್ಚಳದ ಮೇಲೆ ಕೂತವು, ಎತ್ತಲಿಲ್ಲ. ಡಬ್ಬಿಯನ್ನು ಮತ್ತೆ ಗೂಡಿನಲ್ಲಿಟ್ಟಳು.

ಭಾನುವಾರ ಊಟವಾದ ಮೇಲೆ ಮಗಳನ್ನು ಕೆಳಗೆ ಟೈಲರ್ ಅಣ್ಣನ ಅಂಗಡಿಗೆ ಕಳಿಸಿದಳು. ಅವನು ಚೂರುಬಟ್ಟೆ ಕೊಟ್ಟು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದ. ಬಾಗಿಲು ಹಾಕಿದಳು. ಹೊರಗೆ ಮಧ್ಯಾಹ್ನವಾದರೂ ಕೋಣೆಯಲ್ಲಿ ಎಂದಿನ ಮಬ್ಬು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆ ಬೆಳ್ಳಗಿನ ಗೋಡೆಯ ಎದುರಿಗೆ ಕುಳಿತಳು. ಮಾತು ಶುರು ಮಾಡಲು ನಾಚಿಕೆಯಾಯಿತು. ಹೆದರಿಕೆ ಆಮೇಲೆ ಬಂದದ್ದು, ಮೊದಲು ನಾಚಿಕೆಯೇ.

"ನಿಮ್ಮ ಹತ್ರ ಒಂದು ಮಾತು ಆಡಬೇಕಿತ್ತು," ಎಂದಳು.

ಗೋಡೆಯೊಳಗೆ ಕೊಳವೆ ಒಸರುತ್ತಿತ್ತು.

"ಇದು ನಿಮ್ಮದು. ಇಲ್ಲ ಅನ್ನಲ್ಲ. ನಾನು ಬಾಯಿಬಿಟ್ಟು ಕೊಟ್ಟದ್ದು. ಈಗ ನಂಗೆ ಬೇಕಾಗಿದೆ. ಮಗು ಉಳೀಬೇಕು."

ಆಗ ಕೇಳಿಸಿತು. ಸಣ್ಣ ಸಿಳ್ಳು. ಉಸಿರು ಒಳಗೆ ಹೋಗುವಾಗ ಕಡಿಮೆ, ಹೊರಗೆ ಬರುವಾಗ ಜಾಸ್ತಿ. ಪೀಪಿ ಯಾವಾಗ ಮೇಲೆ ಬಂದಳು ಎಂದು ಆಕೆ ಬಾಗಿಲ ಕಡೆ ತಿರುಗಿದಳು. ಬಾಗಿಲಿಗೆ ಚಿಲಕ ಹಾಕಿಯೇ ಇತ್ತು. ಅಷ್ಟರಲ್ಲಿ ಕೆಳಗಿನಿಂದ ಪೀಪಿ ಏನೋ ಹೇಳಿ ನಕ್ಕದ್ದು, ಟೈಲರ್ ಅಣ್ಣ, "ಲೇ, ಕತ್ತರಿ ಮುಟ್ಟಬೇಡ" ಎಂದು ಗದರಿಸಿದ್ದು ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು.

ಸಿಳ್ಳು ನಿಂತಿರಲಿಲ್ಲ. ಎದುರಿನಿಂದಲೇ ಬರುತ್ತಿತ್ತು, ಕುಳಿತವರ ಬಾಯಿಯ ಎತ್ತರದಿಂದ.

ಎದ್ದು ಓಡಬೇಕೆಂದರೆ ಮಡಿಲಿನ ಡಬ್ಬಿ ಕಲ್ಲಿನಂತೆ ಭಾರ. ಆಕೆ ಹಾಗೆಯೇ ಕುಳಿತು ಕೇಳಿದಳು. ಕೇಳುತ್ತಾ ಕೇಳುತ್ತಾ, ಹೆದರಿಕೆ ಹೋಗುವ ಮೊದಲೇ, ಮಗಳ ಪಕ್ಕ ಮಲಗಿ ಮಲಗಿ ಕಲಿತ ಕಿವಿ ತನ್ನ ಕೆಲಸ ಶುರು ಮಾಡಿತು. ಈ ಉಸಿರು ಚೆನ್ನಾಗಿಲ್ಲ. ಕೊನೆಗೆ ಹೀಗೆ ತುಂಡಾಗಬಾರದು. ಇನ್ನು ಸ್ವಲ್ಪ ಹೊತ್ತಿಗೆ ಕೆಮ್ಮು ಬರುತ್ತದೆ. ಬಂತು. ಒಣ ಕೆಮ್ಮು, ಬೇರೆಯವರಿಗೆ ತೊಂದರೆಯಾಗಬಾರದೆಂದು ಬಾಯಿಗೆ ಸೆರಗು ಒತ್ತಿ ಕೆಮ್ಮಿದ ಹಾಗೆ.

"ಅಯ್ಯೋ, ನಿಮಗೂ ಹಿಡೀತಾ?" ಎಂದಳು ಆಕೆ.

ಸಿಳ್ಳು ಒಂದು ಗಳಿಗೆ ತಡೆಯಿತು, ಉಸಿರು ಬಿಗಿಹಿಡಿದ ಹಾಗೆ.

ಹೊತ್ತಿಡೀ ಅದೇ ಗೋಡೆಗೆ ಒರಗಿ ಕುಳಿತವರು. ಗೋಡೆಯ ತೇವವೆಲ್ಲ ಅವರ ಬೆನ್ನಿಗೆ ಇಳಿದಿರಬೇಕು. ಅದಕ್ಕೇ ಅಲ್ಲಿ ಗೋಡೆ ಬೆಳ್ಳಗೆ. ಪೀಪಿ ಗೋಡೆಯ ಕಡೆಗೆ ಮಲಗದ ಹಾಗೆ ಇಷ್ಟು ದಿನ ನಡುವೆ ಮಲಗಿದ್ದವರು ಯಾರು?

"ಏಳಿ," ಎಂದಳು. ಜೋರಾಗಿಯೇ ಅಂದಳು, ಮಗಳಿಗೆ ಅನ್ನುವ ಹಾಗೆ. "ಇಲ್ಲಿದ್ರೆ ನೀವೂ ಉಳಿಯಲ್ಲ. ಬಿಸಿಲಿರೋ ಕೋಣೆ ನೋಡಿದೀನಿ, ಎರಡು ಕಿಟಕಿ ಇದೆ. ಎಲ್ಲರೂ ಹೋಗೋಣ. ನಿಮ್ಮ ದುಡ್ಡು ನಿಮ್ಮ ಔಷಧಿಗೇ ಆಯ್ತು ಅನ್ಕೊಳ್ಳಿ."

ಮುಚ್ಚಳ ಅದಾಗಿಯೇ ತೆರೆಯಿತು ಎಂದು ಆಕೆ ನನಗೆ ಹೇಳಲಿಲ್ಲ. ತನ್ನ ಕೈಯೇ ತೆರೆಯಿತು ಎಂದಳು. ಆದರೆ ಆ ಕೈ ಯಾವಾಗ ಒಪ್ಪಿತು ಎಂದು ಆಕೆಗೆ ಗೊತ್ತಾಗಲಿಲ್ಲವಂತೆ. ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು, ಮಗಳನ್ನು ಕರೆದುಕೊಂಡು, ಬಿಸಿಲು ಇಳಿಯುವ ಮೊದಲೇ ಇಲ್ಲಿಗೆ ಬಂದು ಮುಂಗಡ ಕೊಟ್ಟಳು. ಮಗಳಿಗೆ ಅಂದದ್ದು ಇಷ್ಟೇ: "ಕೇಳಿದೆ. ಬರ್ತಾರಂತೆ."

"ಗೊತ್ತು," ಎಂದಳಂತೆ ಪೀಪಿ.

ಅವರು ಇಲ್ಲಿಗೆ ಬಂದ ದಿನ ನಾನು ನೋಡಿದೆ. ಸಾಮಾನು ಬಹಳ ಇರಲಿಲ್ಲ. ಎರಡು ಹಾಸಿಗೆ, ಒಂದು ಒಲೆ, ಪಾತ್ರೆಯ ಚೀಲ. ಕೊನೆಯ ಚೀಲ ಒಳಗಿಟ್ಟ ಮೇಲೂ ಆಕೆ ಬಾಗಿಲು ಹಾಕದೆ ಮೆಟ್ಟಿಲ ಕಡೆ ನೋಡುತ್ತ ನಿಂತಿದ್ದಳು, ನಿಧಾನವಾಗಿ ಹತ್ತಿಬರುವ ವಯಸ್ಸಾದವರಿಗೆ ಕಾಯುವ ಹಾಗೆ. ಯಾರಾದರೂ ಬರಬೇಕಾಗಿತ್ತೇ ಎಂದು ಕೇಳಿದೆ. ಆಕೆ ನನ್ನ ಮುಖ ನೋಡಿದಳು, ಬಾಗಿಲನ್ನು ಹಾಗೆಯೇ ತೆರೆದಿಟ್ಟು ಒಳಗೆ ಹೋದಳು.

ಈಗ ಚಳಿ ಮುಗಿಯುತ್ತ ಬಂದಿದೆ. ಪೀಪಿಯ ಹೆಸರು ಮಾತ್ರ ಉಳಿದಿದೆ, ಎದೆಯ ಸಿಳ್ಳು ಇಲ್ಲ. ಸೂಪರ್‌ವೈಸರ್ ಸಾಲ ತೀರಿದೆ. ಸಂಬಳದ ದಿನ ಆ ಪಾಲು ಈಗಲೂ ಮೊದಲೇ ಡಬ್ಬಿಗೆ ಹೋಗುತ್ತದೆ. ಆದರೆ ಮಗಳಿಗೆ ಸ್ವೆಟರ್ ಬೇಕಾದಾಗ ಆಕೆ ಅದರಿಂದಲೇ ತೆಗೆದಳು. ತೆಗೆಯುವ ಮೊದಲು, "ಸ್ವೆಟರಿಗೆ" ಎಂದು ಬಾಯಿಬಿಟ್ಟು ಹೇಳಿದಳು. ದೊಡ್ಡಕ್ಕನಿಗೆ ಅಷ್ಟೇ ಸಮಾಧಾನ. "ಹೇಳಿಯಾದ್ರೂ ತಗೋ, ಹಾಡಿಯಾದ್ರೂ ತಗೋ, ಬಡ್ಡಿಗೆ ಮಾತ್ರ ಹೋಗಬೇಡ ನಮ್ಮವ್ವ" ಅಂದಳಂತೆ.

ಮೊನ್ನೆ ಬಟ್ಟೆ ಹರವುವಾಗ ನಾನು ಕೊನೆಗೂ ಕೇಳಿದೆ. "ಅವರು ಬಂದ್ರಾ ನಿಮ್ಮ ಜೊತೆ?"

ಆಕೆ ಒದ್ದೆ ಲಂಗವನ್ನು ಹಿಂಡಿ ಕೊಡವಿದಳು. "ಸದ್ದೇ ಇಲ್ಲ ಅಕ್ಕ. ಮೊದಮೊದಲು ಭಯ ಆಯ್ತು, ದಾರೀಲಿ ಎಲ್ಲೋ ಬಿಟ್ಟುಬಿಟ್ಟೆನೇನೋ ಅಂತ. ಆಮೇಲೆ ಅನ್ನಿಸ್ತು, ಪೀಪಿದೂ ಸದ್ದಿಲ್ಲ ಅಲ್ವಾ. ಹುಷಾರಾಗಿರಬೇಕು."

ಆಗ ಕೆಳಗೆ ಗೇಟು ತೆರೆದ ಸದ್ದಾಯಿತು. ಶಾಲೆ ಬಿಟ್ಟಿತ್ತು. ಪೀಪಿ ಎಲ್ಲೂ ನಿಲ್ಲದೆ ಮೆಟ್ಟಿಲುಗಳನ್ನು ಓಡಿಯೇ ಹತ್ತಿ ಮೇಲೆ ಬಂದಳು, ಚೀಲ ಎಸೆದಳು. ಉಸಿರು ಸುಧಾರಿಸಿಕೊಳ್ಳಲೂ ನಿಲ್ಲದೆ ಟೀಚರ್ ಏನೋ ಅಂದದ್ದನ್ನು ಗಡಗಡ ಹೇಳಿ ಒಳಗೆ ಓಡಿದಳು. ನಾನು ಮುಂದಿನ ಬಟ್ಟೆಗೆ ಕೈ ಹಾಕಿದೆ. ಮೆಟ್ಟಿಲ ಮೇಲೆ ಇನ್ನೂ ಒಂದು ಹೆಜ್ಜೆಯ ಸದ್ದು ಬರುತ್ತಿತ್ತು. ನಿಧಾನ, ಆದರೆ ಆಯಾಸವಿಲ್ಲದ ಹೆಜ್ಜೆ.

ನಾವಿಬ್ಬರೂ ತಿರುಗಿ ನೋಡಲಿಲ್ಲ. ಆಕೆ ದಾರಿಗೆ ಅಡ್ಡವಾಗಿದ್ದ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.